ಕೆಟಮಿನ್ ಚಿಕಿತ್ಸೆಗೆ ಲಿಖಿತ ನಿಯಮ ಬೇಕು: ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ ಬಹಿರಂಗ ಪತ್ರ

ಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಕರ್ನಾಟಕ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ, ಬೆಂಗಳೂರು

ಪ್ರತಿ: ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ, ರಾಜ್ಯ ಔಷಧ ನಿಯಂತ್ರಣ ಇಲಾಖೆ

ಮಾನ್ಯರೇ,

ಮಾತ್ರೆಗೆ ಜಗ್ಗದ ಖಿನ್ನತೆಗೆ ಕೆಟಮಿನ್ ಎಂಬ ಅರಿವಳಿಕೆ ಔಷಧಿಯ ಡ್ರಿಪ್ ಕೊಡುವ ಕೇಂದ್ರಗಳು ಬೆಂಗಳೂರೂ ಸೇರಿದಂತೆ ದೇಶದ ದೊಡ್ಡ ಊರುಗಳಲ್ಲಿ ತೆರೆದಿವೆ. ನಾವು ಈ ಚಿಕಿತ್ಸೆಯ ಪರವಾಗಿದ್ದೇವೆ. ಸಾಯುವ ಯೋಚನೆಯಲ್ಲೇ ತಿಂಗಳುಗಟ್ಟಲೆ ಬೇಯುತ್ತಿದ್ದವರಲ್ಲಿ ಕೆಲವರಿಗೆ ಒಂದೇ ದಿನದಲ್ಲಿ ಆ ಭಾರ ಇಳಿಸಬಲ್ಲ ಔಷಧಿ ಇದು. ಹಾಗಾಗಿಯೇ ಇದನ್ನು ಮನಸ್ಸಿಗೆ ಬಂದಂತೆ ಕೊಡುವುದು ನಿಲ್ಲಬೇಕು ಎನ್ನುತ್ತಿದ್ದೇವೆ. ತಪ್ಪಿಸಬಹುದಾಗಿದ್ದ ಒಂದು ಸಾವು ಅಥವಾ ಮಂಪರಿನಲ್ಲಿದ್ದ ರೋಗಿಯ ಮೇಲೆ ನಡೆದ ಒಂದು ದೌರ್ಜನ್ಯ ಸುದ್ದಿಯಾದರೆ ಸಾಕು, ಇಡೀ ಚಿಕಿತ್ಸೆಗೇ ಬಾಗಿಲು ಮುಚ್ಚುತ್ತದೆ. ನಿಯಮ ಅದಕ್ಕಿಂತ ಮೊದಲೇ ಬರಲಿ.

ಕಾನೂನಿನ ಸ್ಥಿತಿ ತಮಗೆ ಗೊತ್ತಿರುವುದೇ. ಅರಿವನ್ನೇ ಬದಲಿಸುವ ಸೈಕೆಡೆಲಿಕ್ ಎಂದು ಜಗತ್ತು ಮಾತಾಡುತ್ತಿರುವ ಎಲ್‌ಎಸ್‌ಡಿ, ಸೈಲೋಸಿಬಿನ್ (ಕೆಲವು ಅಣಬೆಗಳಲ್ಲಿರುವ ಅಂಶ), ಎಂಡಿಎಂಎ, ಡಿಎಂಟಿ ಎಲ್ಲವೂ ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿವೆ. ಕೆಟಮಿನ್ ಕೂಡ 2011ರಲ್ಲಿ ಆ ಪಟ್ಟಿಗೆ ಸೇರಿತು, 2013ರ ಕೊನೆಯಲ್ಲಿ ಔಷಧ ನಿಯಮಗಳ ಬಿಗಿ ಹತೋಟಿಯ ಪಟ್ಟಿಯಾದ ಶೆಡ್ಯೂಲ್ ಎಕ್ಸ್‌ಗೂ ಹೋಯಿತು. ಆದರೆ ಅದು 1970ರಿಂದ ಆಪರೇಷನ್ ಥಿಯೇಟರುಗಳಲ್ಲಿ ಬಳಕೆಯಲ್ಲಿರುವ ಅರಿವಳಿಕೆ ಔಷಧಿ, ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವಂಥದ್ದು. ಆದ್ದರಿಂದ ವೈದ್ಯರ ಕೈಗೆ ಸಿಗುತ್ತದೆ. ಕಟ್ಟುನಿಟ್ಟಾಗಿ ನೋಡಿದರೆ ಇದು ಸೈಲೋಸಿಬಿನ್‌ನ ಕುಲದ್ದಲ್ಲ. ಸೈಲೋಸಿಬಿನ್ ಮಿದುಳಿನ ಸೆರೊಟೋನಿನ್ ಗ್ರಾಹಕದ ಮೂಲಕ ಕೆಲಸ ಮಾಡಿದರೆ ಕೆಟಮಿನ್ ಗ್ಲುಟಮೇಟ್‌ನ ಎನ್‌ಎಂಡಿಎ ಗ್ರಾಹಕವನ್ನು ತಡೆಯುತ್ತದೆ. ಆದರೂ ದೇಹದಿಂದ ತಾನು ಬೇರೆಯಾದಂತೆ, ಹೊತ್ತು ಹಿಗ್ಗಿದಂತೆ, ಗೋಡೆ ಉಸಿರಾಡಿದಂತೆ ಅನ್ನಿಸುವ ಆ ನಲವತ್ತು ನಿಮಿಷಗಳ ಅನುಭವದಿಂದಾಗಿ ಎರಡನ್ನೂ ಒಟ್ಟಿಗೇ ಹೇಳುವುದು ರೂಢಿಯಾಗಿದೆ. ಭಾರತದಲ್ಲಿ ಈ ಬಗೆಯ ಚಿಕಿತ್ಸೆ ಎಂದರೆ ಸದ್ಯಕ್ಕೆ ಕೆಟಮಿನ್ ಎಂದೇ ಅರ್ಥ.

ಪುರಾವೆ ಗಟ್ಟಿಯಾಗಿದೆ, ಅದಕ್ಕೊಂದು ಮಿತಿಯೂ ಇದೆ. 2000ದಲ್ಲಿ ಅಮೆರಿಕದ ಯೇಲ್ ತಂಡ ಬೆರಳೆಣಿಕೆಯ ರೋಗಿಗಳಲ್ಲಿ ಮೊದಲು ಇದನ್ನು ತೋರಿಸಿತು. 2006ರಲ್ಲಿ ಅಲ್ಲಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ 18 ಮಂದಿಯ ಮೇಲೆ ಅದನ್ನು ಮತ್ತೆ ಪರೀಕ್ಷಿಸಿದಾಗ ಒಂದೇ ಡೋಸಿನ ಮರುದಿನ ಶೇ. 71ರಷ್ಟು ಮಂದಿಗೆ ಗುಣ ಕಂಡಿತು. ವಾರದ ಹೊತ್ತಿಗೆ ಆ ಗುಣ ಉಳಿದದ್ದು ಶೇ. 35ರಷ್ಟು ಮಂದಿಯಲ್ಲಿ ಮಾತ್ರ. 2023ರಲ್ಲಿ ಪ್ರಕಟವಾದ, ನಾನ್ನೂರಕ್ಕೂ ಹೆಚ್ಚು ಮಂದಿಯನ್ನು ಸೇರಿಸಿಕೊಂಡ ಅಮೆರಿಕದ ಪ್ರಯೋಗದಲ್ಲಿ ಕೆಟಮಿನ್ ಪಡೆದ ಶೇ. 55ರಷ್ಟು, ಇಸಿಟಿ (ಅರಿವಳಿಕೆ ಕೊಟ್ಟು ಮಿದುಳಿಗೆ ಅಲ್ಪ ವಿದ್ಯುತ್ ಹಾಯಿಸುವ, ಜನ ಶಾಕ್ ಎನ್ನುವ ಚಿಕಿತ್ಸೆ) ಪಡೆದ ಶೇ. 41ರಷ್ಟು ಮಂದಿ ಚೇತರಿಕೆ ಕಂಡರು. ಅದಕ್ಕೆ ಒಂದು ವರ್ಷ ಮೊದಲು ಸ್ವೀಡನ್‌ನಲ್ಲಿ ಆಸ್ಪತ್ರೆಗೆ ದಾಖಲಾದ 186 ರೋಗಿಗಳ ಮೇಲೆ ನಡೆದ ಪ್ರಯೋಗ ತದ್ವಿರುದ್ಧ ಹೇಳಿತ್ತು: ಇಸಿಟಿಯಿಂದ ಶೇ. 63, ಕೆಟಮಿನ್‌ನಿಂದ ಶೇ. 46 ಮಂದಿ ಪೂರ್ಣ ಗುಣ ಹೊಂದಿದ್ದರು. ಎರಡೂ ನಿಜ. ಅಮೆರಿಕದ ಪ್ರಯೋಗದಲ್ಲಿದ್ದವರು ಬಹುಮಟ್ಟಿಗೆ ಹೊರರೋಗಿಗಳು, ಭ್ರಮೆಯಂಥ ಲಕ್ಷಣ ಇದ್ದವರನ್ನು ಸೇರಿಸಿರಲಿಲ್ಲ. ಊಟ ಬಿಟ್ಟವರಿಗೆ, ಭ್ರಮೆಯೊಂದಿಗೆ ಖಿನ್ನತೆ ಬಂದವರಿಗೆ, ಮಾತು ನಿಂತು ಮರಗಟ್ಟಿ ಕೂತವರಿಗೆ ಇವತ್ತಿಗೂ ಇಸಿಟಿಯೇ ಮೊದಲ ಆಯ್ಕೆ. "ಶಾಕ್ ಬೇಡ, ಕೆಟಮಿನ್ ಬನ್ನಿ" ಎಂಬ ಧಾಟಿಯ ಜಾಹೀರಾತು ಇಂಥ ರೋಗಿಯ ಜೀವಕ್ಕೇ ಎರವಾಗಬಹುದು.

ನಿಯಮ ಶುರುವಾಗಬೇಕಾದದ್ದು ಯಾರಿಗೆ ಕೊಡಬೇಕು ಎಂಬಲ್ಲಿಂದ. ಎರಡು ಖಿನ್ನತೆ ನಿವಾರಕ ಔಷಧಿಗಳನ್ನು ಸಾಕಷ್ಟು ಪ್ರಮಾಣದಲ್ಲಿ, ತಲಾ ಆರರಿಂದ ಎಂಟು ವಾರ ತೆಗೆದುಕೊಂಡೂ ಇಳಿಯದ ಖಿನ್ನತೆಯನ್ನು ನಾವು ಚಿಕಿತ್ಸೆಗೆ ಜಗ್ಗದ್ದು ಎನ್ನುತ್ತೇವೆ. ಆದರೆ ಹಾಗೆಂದು ಹಣೆಪಟ್ಟಿ ಹಚ್ಚಿಸಿಕೊಂಡು ಬರುವವರ ಚೀಟಿಗಳನ್ನು ಬಿಡಿಸಿ ನೋಡಿದರೆ ಕತೆ ಬೇರೆಯೇ ಇರುತ್ತದೆ. ಎಸ್ಸಿಟಲೊಪ್ರಾಮ್ 5 ಮಿ.ಗ್ರಾಂ ಮೂರು ವಾರ, ಸೆರ್ಟ್ರಲೀನ್ 25 ಮಿ.ಗ್ರಾಂ ಇಪ್ಪತ್ತು ದಿನ, ನಡುವೆ ಮಾತ್ರೆ ತಪ್ಪಿದ್ದು, ರಾತ್ರಿ ನಿದ್ದೆಗೆ ಕ್ಲೊನಜೆಪಾಮ್. ಇದು ಔಷಧಿ ಸೋತದ್ದಲ್ಲ, ಔಷಧಿ ಸರಿಯಾಗಿ ಸಿಗದೇ ಇದ್ದದ್ದು. ಥೈರಾಯ್ಡ್, ಹಿಮೋಗ್ಲೋಬಿನ್ ಮತ್ತು ಬಿ12 ನೋಡಿರಬೇಕು. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ. ಕುಡಿತದ ಬಗ್ಗೆ ಮನೆಯವರನ್ನು ಬೇರೆಯಾಗಿ ಕೇಳಿರಬೇಕು. ಹಿಂದೆ ಯಾವಾಗಲಾದರೂ ನಿದ್ದೆ ಬೇಡವಾಗಿ, ಮಾತು ಹೆಚ್ಚಾಗಿ, ದುಡ್ಡು ನೀರಿನಂತೆ ಖರ್ಚಾದ ವಾರಗಳಿದ್ದವೇ ಎಂದು ಕೇಳಿ ಬೈಪೋಲಾರ್ ಅಲ್ಲವೆಂದು ಖಚಿತ ಮಾಡಿಕೊಂಡಿರಬೇಕು. ಸ್ಕಿಜೋಫ್ರೇನಿಯಾ ಇದ್ದವರಿಗೆ, ಗರ್ಭಿಣಿಯರಿಗೆ, ಹತೋಟಿಗೆ ಬಾರದ ಬಿಪಿಯವರಿಗೆ, ಇತ್ತೀಚೆಗೆ ಹೃದಯಾಘಾತವಾದವರಿಗೆ, ರಕ್ತನಾಳದ ಗೋಡೆ ತೆಳುವಾಗಿ ಉಬ್ಬಿರುವವರಿಗೆ (ಅನ್ಯೂರಿಸಮ್) ಇದು ಬೇಡ. ಇಷ್ಟನ್ನೂ ನೋಡಿ ಸಹಿ ಹಾಕುವವರು ಮನೋವೈದ್ಯರೇ ಆಗಿರಬೇಕು. ಅರಿವಳಿಕೆ ತಜ್ಞರಿಗೆ ಔಷಧಿ ಚೆನ್ನಾಗಿ ಗೊತ್ತು. ಕಾಯಿಲೆಯ ನಿರ್ಧಾರ ಅವರ ಕೆಲಸವಲ್ಲ. ಹಾಗೆಯೇ ಮನೋವೈದ್ಯರೊಬ್ಬರೇ, ಪಕ್ಕದಲ್ಲಿ ಉಸಿರುನಾಳ ನಿಭಾಯಿಸಬಲ್ಲವರಿಲ್ಲದೆ, ಡ್ರಿಪ್ ಶುರು ಮಾಡುವಂತೆಯೂ ಇರಬಾರದು.

ಕ್ಲೊನಜೆಪಾಮ್ ಬಗ್ಗೆ ಒಂದು ಮಾತು ಸೇರಿಸಬೇಕು. ನಮ್ಮಲ್ಲಿ ಖಿನ್ನತೆಯ ಚೀಟಿಗಳಲ್ಲಿ ಅದು ಮೇಲಿಂದ ಮೇಲೆ ಕಾಣುತ್ತದೆ. ಆ ಗುಂಪಿನ (ಬೆಂಜೊಡಯಾಜೆಪೀನ್) ಮಾತ್ರೆಗಳು ಕೆಟಮಿನ್‌ನ ಗುಣವನ್ನು ತಗ್ಗಿಸುತ್ತವೆ ಎಂಬುದಕ್ಕೆ ಆಧಾರಗಳಿವೆ. ಹಾಗೆಂದು ಡ್ರಿಪ್‌ನ ಹಿಂದಿನ ದಿನ ಅದನ್ನು ದಿಢೀರನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ವಾರಗಟ್ಟಲೆ ಮೊದಲೇ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ ಬರಬೇಕು.

ಈಗ ಡೋಸು. ಹೆಚ್ಚಿನ ಅಪಾಯ ಅಡಗಿರುವುದು ಇಲ್ಲೇ, ಆದ್ದರಿಂದ ವಿವರವಾಗಿ ಬರೆಯುತ್ತಿದ್ದೇವೆ. ಪ್ರಯೋಗಗಳಲ್ಲಿ ಬಳಸಿದ ಪ್ರಮಾಣ ಪ್ರತಿ ಕಿಲೋ ತೂಕಕ್ಕೆ 0.5 ಮಿ.ಗ್ರಾಂ, 40 ನಿಮಿಷಗಳಲ್ಲಿ, ರಕ್ತನಾಳದ ಮೂಲಕ. 60 ಕಿಲೋ ತೂಕದವರಿಗೆ 30 ಮಿ.ಗ್ರಾಂ. ಒಂದು ಮಿ.ಲೀಟರಿನಲ್ಲಿ 50 ಮಿ.ಗ್ರಾಂ ಇರುವ ವಯಲ್ ಆದರೆ ತೆಗೆಯಬೇಕಾದದ್ದು 0.6 ಮಿ.ಲೀ. ಒಂದು ಮಿ.ಲೀಟರಿಗೆ 10 ಮಿ.ಗ್ರಾಂ ಇರುವ ವಯಲ್ ಆದರೆ 3 ಮಿ.ಲೀ. ಎರಡೂ ಬಗೆ ಇರುವ ಕಪಾಟಿನಿಂದ ಅವಸರದಲ್ಲಿ ಒಂದನ್ನು ಎತ್ತಿಕೊಂಡು, ಗಾಢವಾದ ವಯಲ್‌ನಿಂದ 3 ಮಿ.ಲೀ. ಎಳೆದರೆ ಒಳಗೆ ಹೋಗುವುದು 150 ಮಿ.ಗ್ರಾಂ, ಅಂದರೆ ಐದು ಪಟ್ಟು. ಖಿನ್ನತೆಗೆಂದು ಬಂದು ಮಲಗಿದವರು ಅರಿವಳಿಕೆಗೆ ಜಾರುತ್ತಾರೆ, ಅದಕ್ಕೆ ಬೇಕಾದ ಸಿದ್ಧತೆ ಆ ಕೋಣೆಯಲ್ಲಿ ಇರುವುದಿಲ್ಲ. ಈ ಚಿಕಿತ್ಸೆ ಕೊಡುವ ಜಾಗದಲ್ಲಿ ಒಂದೇ ಗಾಢತೆಯ ಔಷಧಿ ಇರಲಿ ಎಂಬ ಒಂದು ಸಾಲಿನ ನಿಯಮ ಈ ತಪ್ಪನ್ನು ಬಹುತೇಕ ಇಲ್ಲವಾಗಿಸುತ್ತದೆ. 0.6 ಮಿ.ಲೀಟರನ್ನು 1 ಮಿ.ಲೀ. ಸಿರಿಂಜಿನಲ್ಲೇ ಅಳೆಯಬೇಕು, ಇಬ್ಬರು ನೋಡಿ ಬಾಯಿಬಿಟ್ಟು ಹೇಳಿ ಖಚಿತಪಡಿಸಿಕೊಳ್ಳಬೇಕು, ಸಲೈನ್ ಬೆರೆಸಿ ಒಟ್ಟು 50 ಮಿ.ಲೀ. ಮಾಡಿ, ಸಿರಿಂಜಿನ ಮೇಲೆ ಹೆಸರು, ಪ್ರಮಾಣ, ಸಮಯ ಬರೆದು ಅಂಟಿಸಬೇಕು. ತೂಕವನ್ನು ರೋಗಿಯ ಬಾಯಿಮಾತಿನಿಂದ ಬರೆದುಕೊಳ್ಳದೆ ಅವತ್ತೇ ತೂಗಿ ನೋಡಬೇಕು.

ಸಿರಿಂಜ್ ಪಂಪ್‌ನಲ್ಲಿ ಗಂಟೆಗೆ 75 ಮಿ.ಲೀ. ವೇಗ ಇಟ್ಟರೆ 40 ನಿಮಿಷಕ್ಕೆ ಮುಗಿಯುತ್ತದೆ. ಪಂಪ್ ಇಲ್ಲದ ಕಡೆ 100 ಮಿ.ಲೀ. ಸಲೈನ್ ಬಾಟಲಿಗೆ ಬೆರೆಸಿ ನೇತುಹಾಕುವ ರೂಢಿ ಇದೆ. 20 ಹನಿಗೆ ಒಂದು ಮಿ.ಲೀ. ಆಗುವ ಸೆಟ್‌ನಲ್ಲಿ ನಿಮಿಷಕ್ಕೆ 50 ಹನಿ ಬೀಳಬೇಕು. ಕಾಗದದ ಮೇಲೆ ಲೆಕ್ಕ ಸರಿಯೇ. ಆದರೆ ಮಂಪರಿನಲ್ಲಿ ರೋಗಿ ಮಡಚಿದ್ದ ಕೈ ಚಾಚುತ್ತಾರೆ, ತಡೆದಿದ್ದ ಹನಿ ಒಮ್ಮೆಲೇ ಓಡತೊಡಗುತ್ತದೆ. ಇಲ್ಲವೇ ನಿಧಾನವಾಯಿತೆಂದು ಯಾರೋ ಹನಿಯ ವೇಗ ಹೊಂದಿಸುವ ಗಾಲಿ ತಿರುಗಿಸಿ ಹೋಗಿರುತ್ತಾರೆ. ನಲವತ್ತು ನಿಮಿಷದ್ದು ಹನ್ನೆರಡೇ ನಿಮಿಷಕ್ಕೆ ಮುಗಿದರೆ ಪ್ರಮಾಣ ಅಷ್ಟೇ ಇದ್ದರೂ ರಕ್ತದಲ್ಲಿ ಔಷಧಿಯ ಮಟ್ಟ ಥಟ್ಟನೆ ಏರುತ್ತದೆ. ಬಿಪಿ ನೆಗೆಯುತ್ತದೆ, ರೋಗಿ ಭಯದಿಂದ ಕಿರುಚುತ್ತಾರೆ, ವಾಂತಿಯಾಗುತ್ತದೆ. ಆದ್ದರಿಂದ ಪಂಪ್ ಇಲ್ಲದ ಕಡೆ ಈ ಚಿಕಿತ್ಸೆ ಬೇಡ ಎಂದೇ ನಿಯಮ ಇರಲಿ. ಮುಗಿದ ಮೇಲೆ ಟ್ಯೂಬಿನಲ್ಲಿ ಉಳಿದ ಒಂದೆರಡು ಮಿ.ಲೀಟರನ್ನು ಸಲೈನ್ ಒತ್ತಿ ಒಮ್ಮೆಗೇ ಒಳಗೆ ತಳ್ಳುವ ಅಭ್ಯಾಸವೂ ಇದೇ ಕಾರಣಕ್ಕೆ ಕೂಡದು.

ಕೋಣೆಯಲ್ಲಿ ಬೇಕಾದದ್ದು: ಆಕ್ಸಿಜನ್, ಬಾಯಿ ಗಂಟಲಿನ ದ್ರವ ಹೀರುವ ಸಕ್ಷನ್, ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್, ತಲೆಯ ಭಾಗ ಎತ್ತಲು ಬರುವ ಮಂಚ, ಬಿಪಿ, ಸ್ಯಾಚುರೇಷನ್ ಮತ್ತು ಇಸಿಜಿ ತೋರಿಸುವ ಮಾನಿಟರ್, ತುರ್ತು ಔಷಧಿಗಳ ಟ್ರೇ. ಘನಾಹಾರ ಬಿಟ್ಟು ಆರು ಗಂಟೆ, ನೀರು ಬಿಟ್ಟು ಎರಡು ಗಂಟೆ ಆಗಿರಬೇಕು. ಕಾಫಿಗೆ ಹಾಲು ಬೆರೆಸಿದರೆ ಅದು ನೀರಿನ ಲೆಕ್ಕಕ್ಕೆ ಬರುವುದಿಲ್ಲ ಎಂದು ಬಿಡಿಸಿ ಹೇಳಬೇಕು. ಬೆಳಿಗ್ಗೆ ಕಾಫಿ ಮಾತ್ರ ಕುಡಿದೆ ಎನ್ನುವವರು ಬಹಳ. ಶುರುವಿಗೆ ಮೊದಲೇ ಬಿಪಿ 140/90 ದಾಟಿದ್ದರೆ ಅವತ್ತು ಮುಂದೂಡುವುದು ಲೇಸು. ನಡುವೆ ಹತ್ತು ನಿಮಿಷಕ್ಕೊಮ್ಮೆ ನೋಡಬೇಕು. 10ರಿಂದ 20 ಅಂಕ ಏರುವುದು ಸಾಮಾನ್ಯ, 180/110 ಮುಟ್ಟಿದರೆ ಪಂಪ್ ನಿಲ್ಲಿಸಬೇಕು. ಔಷಧಿ ರಕ್ತದಲ್ಲಿ ಅರ್ಧಕ್ಕಿಳಿಯಲು ಎರಡೂವರೆಯಿಂದ ಮೂರು ಗಂಟೆ ಹಿಡಿದರೂ ನಿಲ್ಲಿಸಿದ ಹತ್ತು ಹದಿನೈದು ನಿಮಿಷದಲ್ಲೇ ಅನುಭವದ ತೀವ್ರತೆ ಇಳಿಯತೊಡಗುತ್ತದೆ. ಹೆದರಿದವರಿಗೆ ಮೊದಲ ಮದ್ದು ಮಾತು: "ಇದು ಔಷಧಿಯಿಂದ ಆಗ್ತಿರೋದು, ಸ್ವಲ್ಪ ಹೊತ್ತಲ್ಲಿ ಇಳಿಯುತ್ತೆ, ನಾನು ಇಲ್ಲೇ ಇದ್ದೀನಿ." ಈ ಮಾತನ್ನು ರೋಗಿಯ ಭಾಷೆಯಲ್ಲೇ ಹೇಳಬಲ್ಲ ಒಬ್ಬರು ಎದ್ದು ಹೋಗದೆ ಪಕ್ಕದಲ್ಲಿರಬೇಕು. ಕ್ಲೊನಜೆಪಾಮ್ ಗುಂಪಿನದೇ ಆದ ಮಿಡಜೋಲಾಮ್ ಕೊನೆಯ ಉಪಾಯ. ಅದು ಉಸಿರಾಟವನ್ನು ತಗ್ಗಿಸುತ್ತದೆ, ಜೊತೆಗೆ ಕೆಟಮಿನ್‌ನ ಗುಣವನ್ನೂ ಕುಂದಿಸುತ್ತದೆ.

ರೋಗಿಯ ಮೈ ಮುಟ್ಟುವ ಬಗ್ಗೆ ನಿಯಮ ಬಹಳ ಸ್ಪಷ್ಟವಾಗಿರಬೇಕು. ಮಂಪರಿನಲ್ಲಿರುವವರು ಬೇಡ ಎನ್ನಲಾರರು. ಕೆನಡಾದಲ್ಲಿ ನಡೆದ ಎಂಡಿಎಂಎ ಪ್ರಯೋಗವೊಂದರಲ್ಲಿ ಚಿಕಿತ್ಸಕರು ರೋಗಿಯೊಡನೆ ಮಿತಿ ಮೀರಿ ವರ್ತಿಸಿದ್ದು ಬಯಲಾಗಿ, 2024ರಲ್ಲಿ ಅದಕ್ಕೆ ಸಂಬಂಧಿಸಿದ ಸಂಶೋಧನಾ ಪ್ರಬಂಧಗಳನ್ನೇ ಹಿಂದಕ್ಕೆ ಪಡೆಯಲಾಯಿತು. ಕೈ ಹಿಡಿಯಬಹುದೇ ಎಂಬುದಕ್ಕೆ ಡ್ರಿಪ್‌ಗೆ ಮೊದಲೇ, ಎಚ್ಚರದಲ್ಲಿರುವಾಗಲೇ ಒಪ್ಪಿಗೆ ಪಡೆದು ಬರೆದಿಡಬೇಕು. ಮಹಿಳಾ ರೋಗಿಯ ಬಳಿ ಮಹಿಳಾ ಸಿಬ್ಬಂದಿ ಇರಲೇಬೇಕು. ಬಾಗಿಲಿಗೆ ಹೊರಗಿನಿಂದ ಕಾಣುವ ಗಾಜು ಇರಬೇಕು.

ಮುಗಿದ ಮೇಲೆ ಕನಿಷ್ಠ ಎರಡು ಗಂಟೆ ಕೇಂದ್ರದಲ್ಲೇ ಇಟ್ಟುಕೊಳ್ಳಬೇಕು. ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಪಡೆದ, ಕೆಟಮಿನ್ನಿನದೇ ಒಂದು ರೂಪವಾದ ಎಸ್‌ಕೆಟಮಿನ್ ಮೂಗಿನ ಸ್ಪ್ರೇಗೂ ಈ ಎರಡು ಗಂಟೆಯ ಷರತ್ತಿದೆ, ಮರುದಿನ ನಿದ್ದೆ ಮುಗಿಸಿ ಏಳುವವರೆಗೆ ವಾಹನ ಓಡಿಸುವಂತಿಲ್ಲ. ನಮ್ಮಲ್ಲಿ ವಾಹನ ಎಂದರೆ ಬಹುಪಾಲು ದ್ವಿಚಕ್ರ. ರೋಗಿ ಓಡಿಸುವುದಂತೂ ಇಲ್ಲ, ಹಿಂದೆ ಕೂರುವುದೂ ಬೇಡ. ತಲೆ ತಿರುಗಿ ಬಿದ್ದಾರು. ಆಟೋ ಅಥವಾ ಕಾರು, ಜೊತೆಗೆ ವಯಸ್ಕರೊಬ್ಬರು. ಅವರ ಹೆಸರು, ಫೋನ್ ನಂಬರ್ ಬೆಳಿಗ್ಗೆಯೇ ರಿಜಿಸ್ಟರಿಗೆ ಏರದಿದ್ದರೆ ಅವತ್ತು ಡ್ರಿಪ್ ಇಲ್ಲ.

ಇಷ್ಟೇ ಮುಖ್ಯವಾದದ್ದು ನಂತರದ ವಾರ. ಮರುದಿನ ಹಗುರಾದ ಮನಸ್ಸು ಐದಾರು ದಿನಕ್ಕೆ ಮತ್ತೆ ಕುಸಿಯಬಹುದು. ಕೊನೆಯ ಉಪಾಯವೂ ಕೈಕೊಟ್ಟಿತು ಎಂದು ರೋಗಿಗೆ ಅನ್ನಿಸುವ ಗಳಿಗೆ ಅದು. ಆತ್ಮಹತ್ಯೆಯ ಅಪಾಯ ಆಗ ಮೊದಲಿಗಿಂತ ಹೆಚ್ಚಿರಬಹುದು. ಒಂದನೇ, ಮೂರನೇ, ಏಳನೇ ದಿನ ಕೇಂದ್ರದಿಂದಲೇ ಫೋನ್ ಹೋಗಬೇಕು. ಟೆಲಿ ಮನಸ್ ಸಹಾಯವಾಣಿ 14416 ರೋಗಿಯ ಬಳಿಯೂ ಮನೆಯವರ ಬಳಿಯೂ ಬರೆದಿರಬೇಕು. ವಾರಕ್ಕೆ ಎರಡರಂತೆ ಮೂರು ವಾರ, ಒಟ್ಟು ಆರು ಡ್ರಿಪ್ ಕೊಡುವುದು ರೂಢಿ. ಪ್ರತಿಯೊಂದಕ್ಕೂ ಮುನ್ನ ಖಿನ್ನತೆಯ ಅಂಕ ಅಳೆದು ಬರೆಯಬೇಕು. ನಾಲ್ಕನೆಯದರ ಹೊತ್ತಿಗೂ ಅಂಕ ಕದಲದಿದ್ದರೆ ಮುಂದುವರಿಸುವ ಕಾರಣವನ್ನು ಮನೋವೈದ್ಯರು ಲಿಖಿತವಾಗಿ ಕೊಡಬೇಕು. ಆರಕ್ಕೂ ಮುಂಗಡ ಹಣ ಕಟ್ಟಿಸಿಕೊಳ್ಳುವ ಪ್ಯಾಕೇಜ್ ಪದ್ಧತಿಯನ್ನು ನಿಷೇಧಿಸಿ ಎಂದು ಕೇಳುತ್ತಿರುವುದು ಇದಕ್ಕೇ. ದುಡ್ಡು ಮೊದಲೇ ಬಂದಿದ್ದರೆ ನಿಲ್ಲಿಸಬೇಕಾದ ಚಿಕಿತ್ಸೆಯೂ ನಿಲ್ಲುವುದಿಲ್ಲ. ಹೆಚ್ಚು ಕಾಲ ಪಡೆಯುವವರಲ್ಲಿ ಮೂತ್ರದ ಉರಿ, ಪದೇ ಪದೇ ಮೂತ್ರ, ರಕ್ತ ಕಾಣುವುದು ಇವನ್ನು ಪ್ರತಿ ಸಲ ಕೇಳಬೇಕು. ನಶೆಗೆಂದು ಬಳಸುವವರ ಮೂತ್ರಕೋಶ ಇದರಿಂದ ಹುಣ್ಣಾಗಿ ಕುಗ್ಗಿಹೋದ ಉದಾಹರಣೆಗಳು ವೈದ್ಯಕೀಯ ಸಾಹಿತ್ಯದಲ್ಲಿ ಸಾಕಷ್ಟಿವೆ.

ಔಷಧ ನಿಯಂತ್ರಣ ಇಲಾಖೆಗೆ ನೇರವಾಗಿ ಸಂಬಂಧಿಸಿದ ಸಂಗತಿ ಒಂದಿದೆ. 10 ಮಿ.ಲೀ. ವಯಲ್‌ನಲ್ಲಿ 500 ಮಿ.ಗ್ರಾಂ ಇರುತ್ತದೆ. ಒಬ್ಬ ರೋಗಿಗೆ ಹೋದದ್ದು 30. ಉಳಿದ 470 ಎಲ್ಲಿ? ಶೆಡ್ಯೂಲ್ ಎಕ್ಸ್ ಪ್ರಕಾರ ಚೀಟಿ ಎರಡು ಪ್ರತಿ, ಅದರಲ್ಲೊಂದನ್ನು ಮಾರಿದವರು ಎರಡು ವರ್ಷ ಇಟ್ಟುಕೊಳ್ಳಬೇಕು, ದಾಸ್ತಾನು ಬೀಗದೊಳಗಿರಬೇಕು. ಆದರೆ ಲೆಕ್ಕ ವಯಲ್‌ಗಳಲ್ಲಿ ನಡೆದರೆ ಮಿ.ಗ್ರಾಂ ತಪ್ಪಿಸಿಕೊಳ್ಳುತ್ತದೆ. ಈ ಚಿಕಿತ್ಸೆಗೆ 100 ಮಿ.ಗ್ರಾಂನ ಸಣ್ಣ ಆಂಪ್ಯೂಲ್‌ಗಳನ್ನೇ ಬಳಸಬೇಕು, ಉಳಿದದ್ದನ್ನು ಇಬ್ಬರ ಎದುರು ಚೆಲ್ಲಿ ಇಬ್ಬರೂ ಸಹಿ ಹಾಕಬೇಕು, ರಿಜಿಸ್ಟರಿನಲ್ಲಿ "ಕೊಟ್ಟದ್ದು", "ಚೆಲ್ಲಿದ್ದು" ಎಂದು ಮಿ.ಗ್ರಾಂ ಲೆಕ್ಕದ ಎರಡು ಕಾಲಂ ಇರಬೇಕು. ಮನೆಗೆ ಕೊಟ್ಟು ಕಳಿಸುವುದಂತೂ ಯಾವ ರೂಪದಲ್ಲೂ ಬೇಡ. ಮಾತ್ರೆ, ನಾಲಿಗೆ ಕೆಳಗಿಡುವ ಬಿಲ್ಲೆ, ಮೂಗಿನ ಹನಿ ಯಾವುದೂ. 2023ರ ಅಕ್ಟೋಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಮನೆಬಳಕೆಯ ಕೆಟಮಿನ್ ಬಗ್ಗೆ ಎಚ್ಚರಿಸಿತು. ಅದೇ ತಿಂಗಳ ಕೊನೆಯಲ್ಲಿ ನಟ ಮ್ಯಾಥ್ಯೂ ಪೆರ್ರಿ ಮನೆಯಲ್ಲಿ ಕೆಟಮಿನ್‌ನ ಪರಿಣಾಮದಿಂದ ತೀರಿಕೊಂಡರು. ಅವರಿಗೆ ಅಕ್ರಮವಾಗಿ ಒದಗಿಸಿದವರಲ್ಲಿ ವೈದ್ಯರೂ ಇದ್ದರು.

ಪ್ರಾಧಿಕಾರದಿಂದ ನಾವು ಮೊದಲು ಬಯಸುವುದು ಒಂದು ಸ್ಪಷ್ಟೀಕರಣ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 95ನೇ ಕಲಂ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಇಸಿಟಿ ಕೊಡುವುದನ್ನು ನಿಷೇಧಿಸಿದೆ. ಅದೇ ಕಾಯ್ದೆಯಲ್ಲಿ ಕೆಟಮಿನ್‌ನ ಹೆಸರಿಲ್ಲ. ರೋಗಿಗಳನ್ನು "ತಾತ್ಕಾಲಿಕವಾಗಿಯಾದರೂ" ಇರಿಸಿಕೊಂಡು ಚಿಕಿತ್ಸೆ ಕೊಡುವ ಜಾಗವೂ ಮಾನಸಿಕ ಆರೋಗ್ಯ ಸಂಸ್ಥೆಯೇ ಎಂದು ಕಾಯ್ದೆಯ ವ್ಯಾಖ್ಯೆ ಹೇಳುತ್ತದೆ. ಮೂರು ಗಂಟೆ ಮಲಗಿಸಿಕೊಂಡು ಮಂಪರು ತರುವ ಔಷಧಿ ಕೊಟ್ಟು ಕಳಿಸುವ ಕೇಂದ್ರ ಇದರೊಳಗೆ ಬರುತ್ತದೆಯೇ, ಅಥವಾ ಸಾಮಾನ್ಯ ಹೊರರೋಗಿ ಕ್ಲಿನಿಕ್ ಎಂದುಕೊಂಡು ಖಾಸಗಿ ಆಸ್ಪತ್ರೆಗಳಿಗೆ ಬೇಕಾದ ರಾಜ್ಯದ ಕೆಪಿಎಂಇ ಕಾಯ್ದೆಯ ನೋಂದಣಿಯಷ್ಟರಲ್ಲೇ ನಡೆಯಬಹುದೇ? ಬರುತ್ತದೆ ಎಂಬುದು ನಮ್ಮ ಅಭಿಪ್ರಾಯ. ತಾವು ಆದೇಶದ ಮೂಲಕ ಹೇಳಿದರೆ ತಪಾಸಣೆಯ ದಾರಿ ತೆರೆಯುತ್ತದೆ.

ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಒಂದೇ ಹಾಳೆಯಲ್ಲಿರಲಿ. ಅದರಲ್ಲಿ ಇರಬೇಕಾದದ್ದು ಇಷ್ಟು. ಈ ಇಂಜೆಕ್ಷನ್‌ಗೆ ಅನುಮತಿ ಇರುವುದು ಅರಿವಳಿಕೆಗೆ, ಖಿನ್ನತೆಗೆ ಕೊಡುವುದು ಆ ಅನುಮತಿಯ ಆಚೆಗಿನ ಬಳಕೆ. ಗುಣ ವಾರದಲ್ಲಿ ಮಾಸಬಹುದು. ಇಸಿಟಿ, ಲಿಥಿಯಂ, ಮಾತಿನ ಚಿಕಿತ್ಸೆ ಎಂಬ ಬೇರೆ ದಾರಿಗಳಿವೆ. ಯಾವ ಗಳಿಗೆಯಲ್ಲೂ ಸಾಕು ಎನ್ನಬಹುದು. ಇಷ್ಟನ್ನು ಓದಿ ಹೇಳಿ, ಯೋಚಿಸಲು ಕನಿಷ್ಠ ಒಂದು ರಾತ್ರಿ ಬಿಡಬೇಕು.

ಸೈಲೋಸಿಬಿನ್ ಬಗ್ಗೆಯೂ ಸಾರ್ವಜನಿಕರು ಕೇಳುತ್ತಿದ್ದಾರೆ. ಆಸ್ಟ್ರೇಲಿಯಾ 2023ರ ಜುಲೈ 1ರಿಂದ ಅಧಿಕಾರ ಪಡೆದ ಮನೋವೈದ್ಯರಿಗೆ ಅದನ್ನೂ ಎಂಡಿಎಂಎಯನ್ನೂ ಕೊಡಲು ಅವಕಾಶ ಮಾಡಿತು. ಅಮೆರಿಕ 2024ರ ಆಗಸ್ಟಿನಲ್ಲಿ ಎಂಡಿಎಂಎಗೆ ಅನುಮತಿ ನಿರಾಕರಿಸಿ ಇನ್ನೊಂದು ಪ್ರಯೋಗ ಕೇಳಿತು. 2022ರಲ್ಲಿ ಪ್ರಕಟವಾದ 233 ಮಂದಿಯ ಪ್ರಯೋಗದಲ್ಲಿ 25 ಮಿ.ಗ್ರಾಂ ಸೈಲೋಸಿಬಿನ್ ಮೂರು ವಾರದ ಹೊತ್ತಿಗೆ ಗುಣ ತೋರಿಸಿತು, ಹನ್ನೆರಡು ವಾರಕ್ಕೆ ಆ ಗುಣ ಉಳಿದದ್ದು ಐವರಲ್ಲಿ ಒಬ್ಬರಿಗೆ. ಅದು ಪ್ರಯೋಗಾಲಯದಲ್ಲಿ ತಯಾರಾದ, ಅಳತೆ ಗೊತ್ತಿರುವ ಔಷಧಿ. ತರಬೇತಿ ಪಡೆದವರು ಆರೆಂಟು ಗಂಟೆ ಪಕ್ಕದಲ್ಲೇ ಕೂತು ಕೊಟ್ಟದ್ದು. ಕೊಡೈಕೆನಾಲಿನಿಂದ ಕಾಗದದಲ್ಲಿ ಸುತ್ತಿ ತಂದ ಅಣಬೆಗೂ ಅದಕ್ಕೂ ಸಂಬಂಧವಿಲ್ಲ. ಆ ಅಣಬೆಯಲ್ಲಿ ಎಷ್ಟಿದೆ ಎಂದು ಮಾರುವವನಿಗೂ ಗೊತ್ತಿರುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್ ಇದ್ದರೆ ಹತ್ತಿರವೂ ಸುಳಿಯಬಾರದು. ಸಂಶೋಧನೆಗೆ ಅನುಮತಿ ಕೇಳುವ ಸಂಸ್ಥೆಗಳಿಗೆ ಸರ್ಕಾರ ದಾರಿ ಸುಗಮ ಮಾಡಲಿ ಎಂಬುದು ನಮ್ಮ ಕೋರಿಕೆ. ಅದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 99ನೇ ಕಲಮಿನ ಪ್ರಕಾರ ರೋಗಿಯ ಮುಕ್ತ ಒಪ್ಪಿಗೆಯೊಂದಿಗೆ, ನೈತಿಕ ಸಮಿತಿಯ ಕಣ್ಗಾವಲಿನಲ್ಲಿ ನಡೆಯಲಿ.

ಇನ್ನು ಈ ಚಿಕಿತ್ಸೆ ಬೆಂಗಳೂರಿನ ದುಡ್ಡಿದ್ದವರಿಗಷ್ಟೇ ಸೀಮಿತವಾಗುವುದು ನಮಗೆ ಒಪ್ಪಿಗೆಯಿಲ್ಲ. ಔಷಧಿಯ ಬೆಲೆ ಹೆಚ್ಚಿಲ್ಲ; ಖರ್ಚಾಗುವುದು ಮಂಚ, ಮಾನಿಟರ್ ಮತ್ತು ಜನಕ್ಕೆ. ಅವು ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಈಗಾಗಲೇ ಇವೆ. ರಾಯಚೂರಿನ ರೋಗಿ ಮೂರು ವಾರದಲ್ಲಿ ಆರು ಸಲ ಬೆಂಗಳೂರಿಗೆ ಬಂದು ಹೋಗಲಾರರು. ಮನೋಚೈತನ್ಯ ಯೋಜನೆಯಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಮನೋವೈದ್ಯರು ಮೇಲೆ ಹೇಳಿದ ಪರೀಕ್ಷೆಗಳನ್ನೆಲ್ಲ ಮುಗಿಸಿ ಹೆಸರು ಕಳಿಸಿದರೆ, ರಾಯಚೂರು, ಕಲಬುರಗಿ, ಬೆಳಗಾವಿಯ ಸರ್ಕಾರಿ ಕಾಲೇಜುಗಳಲ್ಲೂ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲೂ ವಾರಕ್ಕೆ ಎರಡು ಬೆಳಗು ಒಂದು ಮಂಚ ಮೀಸಲಿಟ್ಟರೆ ಸಾಕು, ಕೆಲಸ ಶುರುವಾಗುತ್ತದೆ. ನರ್ಸ್‌ಗಳ ತರಬೇತಿಗೆ ನಿಮ್ಹಾನ್ಸ್‌ನ ನೆರವು ಕೇಳಬಹುದು.

ತಪಾಸಣಾ ಪಟ್ಟಿ, ಒಪ್ಪಿಗೆ ಪತ್ರ, ಮಿ.ಗ್ರಾಂ ರಿಜಿಸ್ಟರ್, ಮೂರು ಫೋನ್ ಕರೆಗಳ ನಮೂನೆ, ಈ ನಾಲ್ಕರ ಕರಡನ್ನು ಪತ್ರದ ಜೊತೆ ಲಗತ್ತಿಸಿದ್ದೇವೆ. ಪ್ರಾಧಿಕಾರದ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಸೇರಿಸಿ, ಕರಡಿನ ಒಂದೊಂದು ಸಾಲಿನ ಮೇಲೂ ಆಕ್ಷೇಪಣೆ ಆಹ್ವಾನಿಸಿ. ರೋಗಿಗಳನ್ನೂ ಅವರ ಮನೆಯವರನ್ನೂ ಆ ಸಭೆಗೆ ಕರೆಯಿರಿ.

ಇಂತಿ,
ರಾಜ್ಯದ ಕೆಲವು ಮನೋವೈದ್ಯರು, ಅರಿವಳಿಕೆ ತಜ್ಞರು, ನರ್ಸ್‌ಗಳು ಮತ್ತು ಫಾರ್ಮಸಿಸ್ಟರು